ಮಂದ ಇರಲಿ

ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ,
ಮರುಳಸಿದ್ದಪ್ಪನ ಸೋಲಾರ್ ಅಂಗಡಿ.
ಪೆಟ್ಟಿಗೆ ತೆರೆದು ಹುಡುಗ ಇಮ್ದಾದ್
ಒಂದೊಂದೇ ಎತ್ತಿ ಮೇಜಿನ ಮೇಲಿಡುತ್ತಾನೆ:
ಪ್ಯಾನೆಲ್ಲು, ಬ್ಯಾಟರಿ, ಕಂಟ್ರೋಲರು,
ನಾಲ್ಕು ಬಲ್ಬು, ಒಂದು ಫ್ಯಾನು, ಟಿವಿಗೊಂದು ಪಾಯಿಂಟು.
‘ಫುಲ್ ಸೆಟ್ ಮೇಡಂ. ಬಿಡಿಸಿ ಕೊಡಲ್ಲ.’

ಇಪ್ಪತ್ತೆರಡು ವರ್ಷ ಇದೇ ಊರಿನ ಡಿಪೋದಲ್ಲಿ
ಟಿಕೆಟ್ ಹರಿದವಳು ನಾನು.
ಅರ್ಧ ಟಿಕೆಟ್ಟು, ಲಗೇಜು, ಮಂಕರಿಯ ಕೋಳಿಗೆ ಬೇರೆ.
ಬಿಡಿಸದೆ ಯಾವ ಲೆಕ್ಕ ಹತ್ತೀತಪ್ಪ?

‘ಮನೇಲಿ ಎಷ್ಟು ಜನ?’
‘ಒಬ್ಬಳು.’
‘ಬಂದು ಹೋಗೋರು?’

ಬಂದು ಹೋಗೋರನ್ನೇ ಎಣಿಸಿ ಕೂದಲು ನರೆತದ್ದು.
ಐವತ್ತೈದು ಸೀಟು, ನಿಂತವರು ಹದಿನೆಂಟು,
ಫುಟ್‌ಬೋರ್ಡಿನಲ್ಲಿ ಬೈದರೂ ಇಳಿಯದ ಮೂವರು.
ಈಗ ಸೊನ್ನೆ ಎನ್ನಲು ನಾಲಗೆ ಏಳಲಿಲ್ಲ.
‘ಒಂದು ಹಾಕ್ಕೋ. ನೋಡೋಣ.’

ಬಾಣಾವರ ದಾಟಿ, ಕಲ್ಲುಗುಡ್ಡದ ಬೆನ್ನಿಗೆ
ಹತ್ತು ಗುಂಟೆ, ಒಂಟಿ ಕೋಣೆ, ತಗಡಿನ ಮಾಡು.
ಕರೆಂಟಿನವರು ಏಳು ಕಂಬ ಅಂದರು,
ಒಂದು ಲಕ್ಷದ ಎಂಬತ್ತು ಸಾವಿರ ಅಂದರು.
ನಾನು ಹೊರಗೆ ಬಂದು ಮೇಲೆ ನೋಡಿದೆ.
ದಿನಾ ಅದೇ ಹೊತ್ತಿಗೆ ಹತ್ತಿ, ಅದೇ ಹೊತ್ತಿಗೆ ಇಳಿದು,
ಇಷ್ಟು ವರ್ಷ ಟಿಕೆಟ್ಟಿಲ್ಲದೆ ಓಡಾಡಿದ್ದಾನೆ ಮಹಾನುಭಾವ!

‘ಬರಕೋ ಇಮ್ದಾದ್.
ಫ್ಯಾನು ಬೇಡ, ಗುಡ್ಡಕ್ಕೆ ಗಾಳಿ ಇದೆ.
ಟಿವಿ ಬೇಡ.
ಬಲ್ಬು ಎರಡು ಸಾಕು. ಒಲೆ ಹತ್ತಿರ ಒಂದು,
ಹೊರಗೆ ಮೆಟ್ಟಿಲಿಗೆ ಒಂದು, ಅಲ್ಲಿ ಚೇಳು ಜಾಸ್ತಿ.
ಉಳಿದ ದುಡ್ಡಿಗೆ ಬ್ಯಾಟರಿ ದೊಡ್ಡದು ಕೊಡು,
ಆಷಾಢದ ಮೋಡ ಮೂರು ದಿನ ಕೂತರೂ ತಡೆಯೋ ಅಂಥದ್ದು.’
ಅವನು ಕ್ಯಾಲ್ಕುಲೇಟರ್ ಒತ್ತುತ್ತಾನೆ.
ಒಂಬತ್ತು ವ್ಯಾಟು ಐದು ಗಂಟೆ, ಐದು ವ್ಯಾಟು ಎರಡು ಗಂಟೆ,
ಫೋನಿಗೆ ಹತ್ತು. ‘ಅರವತ್ತೈದು’ ಅಂದೆ.
ಅವನ ಪರದೆ ಆಮೇಲೆ ಹೇಳಿತು.

ಕೊನೆಗೆ ಚೀಲದಿಂದ ತೆಗೆದೆ,
ಹಳೆ ಸೀರೆ ತುಂಡಲ್ಲಿ ಸುತ್ತಿದ್ದನ್ನು.
ಗುಜರಿಗೆ ಬಿದ್ದ ಬಸ್ಸಿನ ಚಾವಣಿಯ ದೀಪ,
ಹಾಲುಗಾಜಿನ ಮುಚ್ಚಳ, ಅದರೊಳಗೆ ಯಾವ ಕಾಲದ್ದೋ ನೊಣ.
‘ಇದನ್ನೂ ಸೇರಿಸು.’
‘ಇದು ಇಪ್ಪತ್ನಾಲ್ಕು ವೋಲ್ಟು ಮೇಡಂ, ನಮ್ಮದು ಹನ್ನೆರಡು.
ಉರಿಯುತ್ತೆ. ಆದ್ರೆ ಮಂದ.’
‘ಮಂದ ಇರಲಿ.’
‘ಎಲ್‌ಇಡಿ ಹಾಕ್ತೀನಿ, ಹಗಲಿದ್ದಂಗಿರುತ್ತೆ.’
ಹಗಲು ಹಗಲಿಗೇ ಇದೆಯಲ್ಲೋ ಮಾರಾಯ.

ಅವನಿಗೆ ಹೇಳಲಿಲ್ಲ:
ಕಡೇ ಟ್ರಿಪ್ಪು, ಜಾವಗಲ್ ದಾಟಿದ ಮೇಲೆ ಬಸ್ಸು ಖಾಲಿ.
ಈ ಬೆಳಕಿನಡಿ ವೇಬಿಲ್ಲು ತೊಡೆ ಮೇಲಿಟ್ಟು
ನಾಣ್ಯ ಜೋಡಿಸುತ್ತಿದ್ದೆ. ಗುಂಡಿ ಬಂದಾಗ ಗೋಪುರ ಬೀಳುತ್ತಿತ್ತು.
ಒಂದೆರಡು ರೂಪಾಯಿ ಕಮ್ಮಿ ಬಂದ ರಾತ್ರಿ
ಡ್ರೈವರ್ ಹಾಲಪ್ಪ, ಹಿಂದೆ ತಿರುಗದೆಯೇ,
ಅಂಗಿ ಜೇಬಿನಿಂದ ತೆಗೆದು ಬಾನೆಟ್ ಮೇಲಿಡುತ್ತಿದ್ದ.

ಮಂಗಳವಾರ ಬೈಕಲ್ಲಿ ಬಂದ ಇಮ್ದಾದ್.
ಮೂರು ಗಂಟೆಗೆ ಮಾಡಿನ ಮೇಲೆ ಹುಣಸೆಯ ನೆರಳು.
‘ಕೊಂಬೆ ಕಡಿಸಿಬಿಡಿ.’
ಕಡಿಸಲಿಲ್ಲ. ಬಯಲಲ್ಲಿ ಪೈಪು ನೆಟ್ಟು
ಪ್ಯಾನೆಲ್ಲನ್ನು ತೆಂಕಣಕ್ಕೆ ಓರೆ ಮಾಡಿ ಕಟ್ಟಿದೆವು.
ವೈರು ಆರು ಮೀಟರ್ ಹೆಚ್ಚಾಯಿತು,
ಮುನ್ನೂರ ನಲವತ್ತು. ಮುನ್ನೂರಕ್ಕೆ ಒಪ್ಪಿದ.

ಕತ್ತಲಾದ ಮೇಲೆ ಸ್ವಿಚ್ಚು ಒತ್ತಿದ.
ಬೂದಿ ಸರಿಸಿದ ಕೆಂಡದಂತೆ
ಹಾಲುಗಾಜು ನಿಧಾನ ಕೆಂಪಾಯಿತು. ನೊಣ ಕಂಡಿತು.
‘ಇಷ್ಟೇ ಬರೋದು,’ ಅಂದ, ತಪ್ಪು ತನ್ನದೆಂಬಂತೆ.
‘ಕೂತ್ಕೋ. ಕಾಫಿ ಕುಡಿದು ಹೋಗು.’

ಎರಡು ಲೋಟ. ಸಕ್ಕರೆ ಅವನಿಗೆ ಮೂರು ಚಮಚ.
ಉಳಿದ ಚಿಲ್ಲರೆ ಎಣಿಸಿ ಕೊಟ್ಟೆ.
ಹೊರಗೆ ಬೈಕು ಎರಡನೇ ಒದೆತಕ್ಕೆ ಎದ್ದಿತು.
ಗೊತ್ತಿಲ್ಲದೆ ನನ್ನ ಕೈ
ತಗಡಿನ ಬಾಗಿಲಿಗೆ ಎರಡು ಸಲ ಬಡಿದಿತ್ತು.
ಅವನಿಗೆ ಏನನ್ನಿಸಿತೋ, ಗೇರ್ ಹಾಕಿದ.